ಹಿರಿಯರ ಹೂವು

ಬಂಗಲೆಯ ಅಡುಗೆ ಪುಸ್ತಕದಲ್ಲಿ ಇದ್ದದ್ದು ಎಲ್ಡರ್ ಹೂವು.
ಉರಿಗಾಮಿನಲ್ಲಿ ಅಂಥ ಗಿಡ ಯಾರೂ ಕಂಡಿಲ್ಲ.
ಅಜ್ಜಿ ಗಂಗುಲಮ್ಮ ಬಟ್ಲರನನ್ನು ಕೇಳಿದಳಂತೆ,
ಎಲ್ಡರ್ ಅಂದ್ರೇನಪ್ಪಾ?
ಹಿರೀರು, ಅಂದನಂತೆ ಅವನು ತಟ್ಟೆ ಒರೆಸುತ್ತ.
ಸರಿ, ಹಿರಿಯರ ಹೂವು.
ಈ ಕಾಂಪೌಂಡಿನಲ್ಲಿ ಎಲ್ಲರಿಗಿಂತ ಹಿರೀಕ ಯಾರು?
ಬಾವಿಕಟ್ಟೆಯ ಬೇವು.
ಅಲ್ಲಿಗೆ ತೀರ್ಮಾನವಾಯಿತು.

ದೊರೆಸಾನಿ ಒಂದು ಗುಟುಕು ಕುಡಿದು, ಹುಬ್ಬೇರಿಸಿ,
ಇನ್ನೊಂದು ಗ್ಲಾಸು ಕೇಳಿದಳು ಎಂಬುದು ಅಜ್ಜಿಯ ಮಾತು.
ಗುಲಾಬಿ ಬುಡಕ್ಕೆ ಚೆಲ್ಲಿದಳು ಎಂಬುದು ತಾತನದು.

ಯುಗಾದಿ ಆಸುಪಾಸು, ಬೆಳಗಿನ ಜಾವ,
ಹಳೆ ಪಂಚೆ ಹಾಸಿ ಕೊಂಬೆ ಅಲುಗಿಸಬೇಕು.
ತೊಳೆಯಬಾರದು. ತೊಳೆದರೆ ಹೂವಿನ ಮೇಲಿನ ಜೀವ ಹೋಗುತ್ತೆ.
ಇರುವೆ ಇದ್ದರೆ ಊದು, ಬಯ್ಯಬೇಡ.
ಎರಡು ಬೊಗಸೆ ಹೂವು, ಒಂದು ಸೇರು ಸಕ್ಕರೆ
(ಬೆಲ್ಲ ಹಾಕಿದರೆ ಕೊಚ್ಚೆಯ ಬಣ್ಣ),
ನಾಲ್ಕು ನಿಂಬೆಹಣ್ಣು, ಏಳು ಒಣದ್ರಾಕ್ಷಿ.
ಏಳೇ ಯಾಕೆ ಎಂದು ಕೇಳಿ ಏಟು ತಿಂದಿದ್ದೇನೆ.
ಕಾಯಿಸಿ ಆರಿಸಿದ ನೀರು, ಉಪ್ಪಿನಕಾಯಿ ಜಾಡಿ,
ಬಾಯಿಗೆ ತೆಳ್ಳನೆ ಬಟ್ಟೆ, ಬಟ್ಟೆಗೆ ದಾರ.
ಮೂರನೆಯ ದಿನ ಜಾಡಿಗೆ ಕಿವಿ ಇಡು.
ದೂರದ ಮನೆಯಲ್ಲಿ ಯಾರೋ
ರವೆ ಜರಡಿ ಹಿಡಿಯುತ್ತಿರುವ ಸದ್ದು.

ಆಮೇಲೆ ಸೀಸೆಗೆ. ರಾಬರ್ಟ್‌ಸನ್‌ಪೇಟೆ ಗುಜರಿಯ
ಬಿಯರು ಬಾಟಲಿ, ಬಿಸಿನೀರಲ್ಲಿ ಎರಡು ಸಲ ಮಿಂದು
ಮಡಿಯಾದದ್ದು.

ಗಣಿ ಮುಚ್ಚಿದ ಮರುವರ್ಷ.
ಸೆಕೆಯ ರಾತ್ರಿ, ಒಂದೋ ಎರಡೋ ಗಂಟೆ.
ಅಡುಗೆಮನೆಯಲ್ಲಿ ಢಮ್ಮೆಂದಿತು.
ತಾತ ಪಿಳ್ಳಪ್ಪ ಎದ್ದು ಕೂತ.
ಕತ್ತಲಲ್ಲಿ ಗೋಡೆ ತಡವಿದ, ಟೋಪಿಯ ಮೊಳೆ ಹುಡುಕಿದ.
ಯಾವ ಶಾಫ್ಟು? ಅಂದ.
ಲೈನ್ ಮನೆಗಳಲ್ಲಿ ಒಂದೊಂದೇ ದೀಪ ಹತ್ತಿದವು.
ನೈಟಿಯ ಮೇಲೆ ಟವಲು ಹೊದ್ದ ರೋಸ್‌ಮೇರಿಯಕ್ಕ,
ಟಾರ್ಚು ಹಿಡಿದ ಸೆಲ್ವಂ, ಅವನ ಹಿಂದೆ ಅವನ ತಾಯಿ.
ಏನದು ಸದ್ದು ಎಂದು ಕೇಳಲಿಲ್ಲ ಯಾರೂ.
ಎಲ್ಲಿ, ಎಂದು ಕೇಳಿದರು.

ಅಜ್ಜಿ ಮೊರದ ತುಂಬ ಗಾಜು ತಂದು ತೋರಿಸಿದಳು.
ಗೋಡೆಯಿಂದ ಇನ್ನೂ ಜೇನಿನ ವಾಸನೆ ಇಳಿಯುತ್ತಿತ್ತು.
ಸೆಲ್ವಂ ನಗಲು ಶುರು ಮಾಡಿದ, ನಿಲ್ಲಿಸಿದ.
ಎಲ್ಲರೂ ಇದ್ದ ಐದು ಸೀಸೆಯಲ್ಲಿ ಒಂದನ್ನು ತೆರೆದು
ಸ್ಟೀಲ್ ಲೋಟಗಳಲ್ಲಿ ಹಂಚಿಕೊಂಡು
ಜಗಲಿಯ ಮೇಲೆ ಕೂತೇ ಬೆಳಗು ಮಾಡಿದರು.
ಬೇವಿನ ಹೂವು ಸುಳ್ಳುಗಾತಿ,
ಮೂಗಿಗೊಂದು ಹೇಳುತ್ತೆ, ನಾಲಗೆಗೆ ಇನ್ನೊಂದು.
ಕೊನೆಯ ಕಹಿ ಮಾತ್ರ ಗಂಟಲಲ್ಲಿ ತಣ್ಣಗೆ.

ಮರುದಿನದಿಂದ ಸೀಸೆಗಳು ತಾತನ ಪಾಳಿಗೆ ಬಂದವು.
ಡಾಲ್ಡಾ ಡಬ್ಬಿ ಕತ್ತರಿಸಿ ಬಿಲ್ಲೆ ಮಾಡಿದ,
ಆಣಿಯಿಂದ ನಂಬರು ಕೊರೆದ,
ಒಂದೊಂದು ಕುತ್ತಿಗೆಗೆ ಒಂದೊಂದು ಕಟ್ಟಿದ.
ಕುಡಿದು ಮುಗಿಸಿದ ಸೀಸೆಯ ಬಿಲ್ಲೆ ಗೋಡೆಯ ಮೊಳೆಗೆ ವಾಪಸ್ಸು.
ದಿನಕ್ಕೆ ಎರಡು ಸಲ ಮುಚ್ಚಳ ಸಡಿಲಿಸಿ
ಗಾಳಿಗೆ ದಾರಿ ಬಿಡಬೇಕು ಮಗಾ, ಎಂದ.
ಒಳಗಿರೋನು ಕೂಗಲ್ಲ.

ಮೊನ್ನೆ ಮಗಳು ಫೋನಿನಲ್ಲಿ ಆ ನಿಜವಾದ ಹೂವು ತೋರಿಸಿದಳು.
ಬಿಳಿ, ಪುಟ್ಟದು, ಐದೇ ಎಸಳು, ಗೊಂಚಲು ಗೊಂಚಲು.
ಅಜ್ಜಿ ಅಷ್ಟೇನೂ ದಾರಿ ತಪ್ಪಿರಲಿಲ್ಲ.

ಈ ವರ್ಷ ಎಂಟು ಸೀಸೆ ಕಟ್ಟಿದ್ದೇನೆ.
ತುಕ್ಕು ಹಿಡಿದರೂ ಬಿಲ್ಲೆ ಅವೇ.
ಒಡೆದ ಸೀಸೆಯದು ನಾಲ್ಕನೆಯ ನಂಬರು ಎಂದು
ತಾತ ಅದನ್ನು ಮತ್ತೆ ಕೊರೆಯಲೇ ಇಲ್ಲ.
ಮೂರಾದ ಮೇಲೆ ಐದು.
ನಾಲ್ಕರ ಮೊಳೆ ಖಾಲಿ. ಅದಕ್ಕೆ ಸೋಸುವ ಬಟ್ಟೆ
ನೇತುಹಾಕಬೇಕೆಂದಿದ್ದೆ,
ಇನ್ನೂ ಹಾಕಿಲ್ಲ.

ಆರು ಗಂಟೆ. ಮುಚ್ಚಳ ಸಡಿಲಿಸುವ ಹೊತ್ತು.
ಉಸ್ಸ್.